ಆ ದಾನಿಯನ್ನೂ ಒಮ್ಮೆ ವಿಚಾರಿಸು

ಪ್ರೀತಿಯ ಗೆಳೆಯಾ,

ನಿನ್ನ ಫೋನ್ ಬಂದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಡಾಕ್ಟರು ದಾನಿಯ ಅಂಡಾಣು ತಗೊಳ್ಳಿ ಅಂದಿದ್ದಾರೆ, ಏನು ಮಾಡೋಣ ಅಂತ ಕೇಳಿದೆ. ಧೈರ್ಯವಾಗಿ ಮಾಡಿಸಿ. ಹೊತ್ತು ಹೆರುವವಳು ನಿನ್ನ ಹೆಂಡತಿ, ತಾಯಿ ಅವಳೇ. ದಾನಿಗೆ ಮಗುವಿನ ಮೇಲೆ ಹಕ್ಕಿಲ್ಲ ಅಂತ ಕಾನೂನೂ ಹೇಳುತ್ತದೆ. ಆದರೆ ಹೇಳಬೇಕಾದ ಒಂದು ಮಾತು ಫೋನಿನಲ್ಲಿ ಉಳಿದುಹೋಯಿತು. ನೀನು ಒಪ್ಪಿದ್ದಕ್ಕೆ, ಹೆಸರು ಬಿಟ್ಟು ಇಲ್ಲಿ ಹಾಕುತ್ತಿದ್ದೇನೆ. ಬೇರೆಯವರಿಗೂ ಬೇಕಾಗಬಹುದು.

2019ರಲ್ಲಿ ನಾನು ಹುಬ್ಬಳ್ಳಿಯ ಒಂದು ಕ್ಲಿನಿಕ್‌ನಲ್ಲಿ ನರ್ಸ್ ಆಗಿದ್ದೆ, ನೆನಪಿದೆ ಅಲ್ವಾ? ಅಲ್ಲಿಗೆ ಒಬ್ಬ ದಾನಿ ಬರುತ್ತಿದ್ದಳು. ಹತ್ತು ದಿನ, ದಿನಾ ಹೊಟ್ಟೆಗೆ ಇಂಜೆಕ್ಷನ್. ಬಸ್ಸು ಇಳಿದು ಬಂದು, ಸೂಜಿ ಚುಚ್ಚಿಸಿಕೊಂಡು, ಅತ್ತೆಗೆ ಸಂಶಯ ಬರುವ ಮೊದಲು ಊರು ಸೇರುತ್ತಿದ್ದಳು. ಮಗಳ ಶಾಲೆ ಫೀ ಕಟ್ಟೋದಿತ್ತು. 18 ಅಂಡಾಣು ತೆಗೆದರು. ಎರಡು ತಾಸು ಮಲಗಿಸಿ ಕಳಿಸಿದೆವು.

ಮೂರನೇ ದಿನ ತಾನಾಗಿಯೇ ಬಂದಳು. ಲಂಗದ ಲಾಡಿ ಒತ್ತಿ ಸೊಂಟದ ಸುತ್ತ ಕೆಂಪು ಬರೆ ಎದ್ದಿತ್ತು. ಹೊಟ್ಟೆ ಐದು ತಿಂಗಳ ಬಸುರಿಯಂತೆ. "ಅಕ್ಕಾರ, ಮಲ್ಕೊಂಡ್ರ ಉಸಿರು ಕಟ್ಟತೈತ್ರಿ" ಅಂದಳು. ಇಂಜೆಕ್ಷನ್‌ಗೆ ಅಂಡಾಶಯ ಊದಿ, ರಕ್ತನಾಳಗಳಿಂದ ನೀರು ಸೋರಿ ಹೊಟ್ಟೆ ತುಂಬಿತ್ತು. ಇದಕ್ಕೆ ಒಎಚ್‌ಎಸ್‌ಎಸ್ ಅನ್ನುತ್ತಾರೆ. ಅವಳು ಹುಷಾರಾದಳು. ಆದರೆ ಅವಳಾಗಿ ಬರದಿದ್ದರೆ ನಮ್ಮಲ್ಲಿ ಯಾರೂ ಫೋನ್ ಮಾಡಿ ಕೇಳುತ್ತಿರಲಿಲ್ಲ. ನಾನೂ ಕೇಳುತ್ತಿರಲಿಲ್ಲ.

ಆಮೇಲೆ ಹುಡುಕಿ ಓದಿದೆ. 2009ರಲ್ಲಿ ಅಮೆರಿಕದ 155 ದಾನಿಗಳ ಅನುಭವ ಕೇಳಿದ ಒಂದು ಅಧ್ಯಯನ ಬಂತು. ಅವರಲ್ಲಿ ನೂರಕ್ಕೆ 30 ಮಂದಿಗೆ ಈ ತೊಂದರೆ ಆಗಿತ್ತು. ದಾನ ಮಾಡಿದ ಮೇಲೆ ಕ್ಲಿನಿಕ್‌ನವರು ಆರೋಗ್ಯ ವಿಚಾರಿಸಿದ್ದು ನೂರಕ್ಕೆ ಮೂವರನ್ನೂ ಅಲ್ಲ. ತಾವಾಗಿ ಮುಂದೆ ಬಂದವರ ಲೆಕ್ಕ ಅದು, ಎಲ್ಲ ಕಡೆ ಇಷ್ಟೇ ಅನ್ನೋಕಾಗಲ್ಲ. ಆದರೂ ಆ ಎರಡನೇ ಅಂಕಿ ಓದಿದಾಗ ನನಗೆ ಆ ಕೆಂಪು ಬರೆಯೇ ಕಣ್ಣಿಗೆ ಕಟ್ಟಿತು. ಇಂಥ ದಾನದಿಂದ ಮಕ್ಕಳು ಹುಟ್ಟಲು ಶುರುವಾಗಿದ್ದು 1980ರ ದಶಕದಲ್ಲಿ. ಇಪ್ಪತ್ತು ವರ್ಷದ ಮೇಲೆ ದಾನಿಗಳು ಹೇಗಿದ್ದಾರೆ ಅಂತ ಬೆನ್ನುಹತ್ತಿ ನೋಡಿದ ಸಂಶೋಧನೆ ಮಾತ್ರ ಇವತ್ತಿಗೂ ತೀರಾ ಕಡಿಮೆ.

ನಮ್ಮಲ್ಲಿ 2021ರ ಎಆರ್‌ಟಿ ಕಾನೂನು, ಅಂದರೆ ಇಂಥ ಬಂಜೆತನದ ಚಿಕಿತ್ಸೆಗಳ ಕಾನೂನು, ಬಂದ ಮೇಲೆ ಸ್ವಲ್ಪ ಬಿಗಿಯಾಗಿದೆ. ದಾನಿಗೆ 23ರಿಂದ 35 ವಯಸ್ಸು. ಜೀವನದಲ್ಲಿ ಒಂದೇ ಸಲ. ಏಳಕ್ಕಿಂತ ಜಾಸ್ತಿ ಅಂಡಾಣು ತೆಗೆಯುವಂತಿಲ್ಲ. ಅವಳಿಗೆ 12 ತಿಂಗಳ ವಿಮೆ ಇರಬೇಕು, ಅದನ್ನು ಮಾಡಿಸಬೇಕಾದವರು ನೀವಿಬ್ಬರು.

ನಿಮಗೆ ಅಂಡಾಣು ಕೊಡುವವಳ ಹೆಸರು ಕ್ಲಿನಿಕ್‌ನವರು ನಿನಗೆ ಹೇಳುವುದಿಲ್ಲ, ಹೇಳಲೂಬಾರದು. ಆದರೆ ವಿಮೆಯ ಕಾಗದ ಕೇಳಿ ನೋಡು, ಸುಮ್ನೆ ಸಹಿ ಹಾಕಬೇಡ. ಅಂಡಾಣು ಪಕ್ವವಾಗಲು ಕೊನೆಗೆ ಕೊಡುವ ಟ್ರಿಗರ್ ಇಂಜೆಕ್ಷನ್ ಯಾವುದು ಅಂತ ಕೇಳು. ಎಚ್‌ಸಿಜಿ ಅನ್ನುವ ಹಾರ್ಮೋನಿನ ಬದಲು ಜಿಎನ್‌ಆರ್‌ಎಚ್ ಅಗೋನಿಸ್ಟ್ ಅನ್ನುವ ಬೇರೆ ಔಷಧ ಕೊಟ್ಟರೆ ಈ ಊತದ ಅಪಾಯ ತುಂಬಾ ಕಡಿಮೆ. ಮೂರನೇ ದಿನ, ಹತ್ತನೇ ದಿನ ಅವಳಿಗೆ ಯಾರು ಫೋನ್ ಮಾಡುತ್ತಾರೆ ಅಂತಲೂ ಕೇಳು. ದುಡ್ಡು ಕಟ್ಟುವವರು ಕೇಳಿದರೆ ಉತ್ತರ ಕೊಡುತ್ತಾರೆ. ಅವಳು ಕೇಳಿದರೆ ಕೊಡುತ್ತಾರೋ ಇಲ್ಲವೋ.

ಭಾನುವಾರ ಧಾರವಾಡಕ್ಕೆ ಬರುತ್ತೇನೆ. ಕ್ಲಿನಿಕ್‌ನವರು ಕೊಟ್ಟ ಫೈಲ್ ತೆಗೆದಿಟ್ಟಿರು. ಮೂವರೂ ಕೂತು ಓದೋಣ.

ನಿನ್ನ ಗೆಳತಿ