ಹಾಜರಿ ಕೊರತೆ ಗೊತ್ತಾಗಬೇಕಾದದ್ದು ಜುಲೈನಲ್ಲಿ, ಫೆಬ್ರುವರಿಯಲ್ಲಲ್ಲ

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಬೇಕಾದರೆ ಶೇ 75ರಷ್ಟು ಹಾಜರಿ ಬೇಕು. ಇದು ಗೊತ್ತಿಲ್ಲದ ಶಾಲೆಯಿಲ್ಲ. ಆದರೂ ಪ್ರತಿವರ್ಷ ಪ್ರವೇಶ ಪತ್ರ ಕೊಡುವ ಹೊತ್ತಿಗೆ ಒಂದಷ್ಟು ಪೋಷಕರು ಮುಖ್ಯ ಶಿಕ್ಷಕರ ಕೊಠಡಿ ಮುಂದೆ ಕೈಮುಗಿದು ನಿಂತಿರುತ್ತಾರೆ. ಶಾಲೆಯವರು ಹಾಜರಿ ಪುಸ್ತಕ ತೆಗೆದು ತೋರಿಸುತ್ತಾರೆ. ಅಷ್ಟು ಹೊತ್ತಿಗೆ ಯಾರ ಕೈಯಲ್ಲೂ ಏನೂ ಉಳಿದಿರುವುದಿಲ್ಲ.

ಲೆಕ್ಕ ಸರಳ. ವರ್ಷಕ್ಕೆ 220 ಕೆಲಸದ ದಿನ ಎಂದಿಟ್ಟುಕೊಂಡರೆ 165 ದಿನ ಬರಲೇಬೇಕು. ತಪ್ಪಬಹುದಾದದ್ದು 55 ದಿನ. ದಸರಾ ರಜೆ ಬರುವುದರೊಳಗೇ 40 ದಿನ ತಪ್ಪಿಸಿಕೊಂಡ ಹುಡುಗನಿಗೆ ಉಳಿಯುವುದು 15 ದಿನ ಮಾತ್ರ. ಯಾದಗಿರಿ, ರಾಯಚೂರು ಕಡೆ ಹತ್ತಿ ಬಿಡಿಸುವ ಕೆಲಸ ಜೋರಾಗುವುದೇ ದಸರೆಯ ಆಚೆ ಈಚೆ, ಅದರ ಬೆನ್ನಿಗೇ ಮೆಣಸಿನಕಾಯಿ ಕೊಯ್ಲು. ಆ 15 ದಿನ ಎಲ್ಲಿ ಸಾಲುತ್ತದೆ? ಪ್ರತಿ ತಿಂಗಳ ಕೊನೆಗೆ ಹಾಜರಿ ಕೂಡಿಸುವಾಗಲೇ ತರಗತಿ ಶಿಕ್ಷಕರು ಪ್ರತಿ ಹೆಸರಿನ ಮುಂದೆ ‘ಇನ್ನು ಇಷ್ಟು ದಿನ ತಪ್ಪಬಹುದು’ ಎಂಬ ಒಂದು ಅಂಕಿ ಬರೆದು, ಅದನ್ನು ಮಗುವಿಗೂ ಮನೆಯವರಿಗೂ ಹೇಳಿದರೆ ಜುಲೈನಲ್ಲೇ ಎಚ್ಚರ ಮೂಡುತ್ತದೆ. ಶೇಕಡಾವಾರು ಹೇಳಿದರೆ ಕೂಲಿ ಮಾಡುವ ತಂದೆತಾಯಿಗೆ ಅರ್ಥವಾಗದೇ ಹೋಗಬಹುದು, ದಿನದ ಲೆಕ್ಕ ತಕ್ಷಣ ಅರ್ಥವಾಗುತ್ತದೆ.

ಎಂಟನೇ ತರಗತಿಯವರೆಗಿನ ಮಕ್ಕಳಿಗೆ ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ ಇದೆ. ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಗೈರಾದರೆಂದು ಹೆಸರು ಹೊಡೆದುಹಾಕುವುದೂ ಹೊರಹಾಕಿದಂತೆಯೇ. ಮಕ್ಕಳ ಹಾಜರಿಯ ಬಗ್ಗೆ ಪೋಷಕರೊಡನೆ ಮಾತನಾಡುವುದು ಶಿಕ್ಷಕರ ಕರ್ತವ್ಯ ಎಂದು ಕಾಯ್ದೆಯೇ ಹೇಳುತ್ತದೆ. ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯವನ್ನು ನಮ್ಮ ಹೈಕೋರ್ಟ್ 2013ರಲ್ಲಿ ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡ ಮೇಲೆ, ಕಾರಣ ತಿಳಿಸದೆ ಸತತ ಏಳು ದಿನ ಬಾರದ ಮಗುವನ್ನು ಹೊರಗುಳಿದ ಮಗುವೆಂದೇ ಎಣಿಸುವ ಕ್ರಮ ರಾಜ್ಯದಲ್ಲಿ ಬಂತು. ಒಳ್ಳೆಯ ಕ್ರಮ. ಆದರೆ ‘ಸತತ’ ಎಂಬಲ್ಲಿ ದೊಡ್ಡದೊಂದು ಕಿಂಡಿ ಇದೆ. ವಾರದಲ್ಲಿ ಮೂರು ದಿನ ಬಂದು ಮೂರು ದಿನ ತಪ್ಪಿಸುವ ಮಗು ಎಂದಿಗೂ ಸತತ ಏಳು ದಿನ ಗೈರಾಗುವುದಿಲ್ಲ. ವರ್ಷದ ಕೊನೆಗೆ ಅದರ ಪಾಠದಲ್ಲಿ ಅರ್ಧಕ್ಕರ್ಧ, ಅಂದರೆ 110 ದಿನ, ಹೋಗಿರುತ್ತದೆ. ಯಾವ ಪಟ್ಟಿಯಲ್ಲೂ ಅದರ ಹೆಸರಿರುವುದಿಲ್ಲ. ಶಾಲೆ ಬಿಡುವ ಮಕ್ಕಳಲ್ಲಿ ಹೆಚ್ಚಿನವರು ಒಂದೇ ದಿನ ಬಿಡುವುದಿಲ್ಲ, ಹೀಗೇ ಬಿಟ್ಟೂ ಬಿಡದೆ ಜಾರುತ್ತಾರೆ. ಆದ್ದರಿಂದ ಒಂದು ತಿಂಗಳಲ್ಲಿ ಬಿಡಿಬಿಡಿಯಾಗಿಯಾದರೂ ಐದು ದಿನ ತಪ್ಪಿದರೆ ಆ ಹೆಸರು ಮಕ್ಕಳ ವಿವರ ದಾಖಲಿಸುವ ಆನ್‌ಲೈನ್ ತಂತ್ರಾಂಶವಾದ ಸ್ಯಾಟ್ಸ್‌ನಲ್ಲಿ ತಾನಾಗಿ ಮೇಲೆ ಬರುವಂತೆ ಇಲಾಖೆ ವ್ಯವಸ್ಥೆ ಮಾಡಬೇಕು.

ಮಗು ಬಾರದ ಮೊದಲ ದಿನವೇ ಪಕ್ಕದ ಮನೆಯ ಮಕ್ಕಳನ್ನು ಕೇಳಬೇಕು, ಮನೆಗೆ ಒಂದು ಕರೆ ಮಾಡಬೇಕು. ಇಲ್ಲೇ ಮೊದಲ ತೊಡಕು. ದಾಖಲಾತಿ ವೇಳೆ ಕೊಟ್ಟ ನಂಬರು ಎಷ್ಟೋ ಸಲ ಬೆಂಗಳೂರಿನಲ್ಲಿ ಕಟ್ಟಡ ಕೆಲಸದಲ್ಲಿರುವ ತಂದೆಯದು, ಇಲ್ಲವೇ ರೀಚಾರ್ಜ್ ಮುಗಿದು ಸತ್ತ ಸಿಮ್ಮಿನದು. ಜೂನ್‌ನಲ್ಲೇ ಎರಡನೇ ನಂಬರು ಬರೆದುಕೊಳ್ಳಬೇಕು. ಊರಲ್ಲೇ ಇರುವ ಅಜ್ಜಿಯದೋ, ಓಣಿಯ ಅಂಗನವಾಡಿ ಕಾರ್ಯಕರ್ತೆಯದೋ ಆದರೆ ಉತ್ತಮ. ಮೂರನೇ ದಿನ ಯಾರಾದರೂ ಮನೆಗೆ ಹೋಗಲೇಬೇಕು. ಶಿಕ್ಷಕರಿಗೆ ಬಿಡುವಾಗದಿದ್ದರೆ ಪೋಷಕರಿರುವ ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಯ ಒಬ್ಬ ಸದಸ್ಯರು ಹೋಗಲಿ. ಏಳನೇ ದಿನಕ್ಕೆ ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಇಲಾಖೆಯ ಸಿಆರ್‌ಪಿಗೂ ಗ್ರಾಮ ಪಂಚಾಯಿತಿಗೂ ಲಿಖಿತ ಮಾಹಿತಿ ಹೋಗಬೇಕು. ಸಿಕ್ಕ ಕಾರಣವನ್ನು ಹಾಜರಿ ಪುಸ್ತಕದ ಷರಾ ಕಾಲಂನಲ್ಲಿ ಬರೆಯಬೇಕು: ಜ್ವರ, ತಂಗಿಯನ್ನು ನೋಡಿಕೊಳ್ಳುವುದು, ಕುರಿ ಕಾಯುವುದು, ಬಸ್ಸು ಬಾರದ್ದು. ಈಗ ಎಲ್ಲಕ್ಕೂ ಒಂದೇ ‘ಗೈರು’. ಕಾರಣ ಬರೆದಿಟ್ಟರೆ ಮೂರು ತಿಂಗಳಲ್ಲೇ ಚಿತ್ರ ಸ್ಪಷ್ಟವಾಗುತ್ತದೆ. ಒಂದೇ ಹಳ್ಳಿಯ ಎಂಟು ಮಕ್ಕಳು ಒಂದೇ ದಿನಗಳಲ್ಲಿ ತಪ್ಪಿದ್ದರೆ ಅದು ಮಕ್ಕಳ ಸಮಸ್ಯೆಯಲ್ಲ, ಬಸ್ಸಿನ ಸಮಸ್ಯೆ. ಆ ಪುಟದ ಪ್ರತಿಯನ್ನೇ ಲಗತ್ತಿಸಿ ಡಿಪೊ ವ್ಯವಸ್ಥಾಪಕರಿಗೆ ಅರ್ಜಿ ಕೊಡಬಹುದು. ಕಾಯಿಲೆಯಾಗಿದ್ದರೆ ವೈದ್ಯರ ಚೀಟಿಯನ್ನು ಆಗಲೇ ತರಿಸಿ ಕಡತಕ್ಕೆ ಸೇರಿಸಬೇಕು. ಫೆಬ್ರುವರಿಯಲ್ಲಿ ಬರೆಸಿಕೊಂಡು ತಂದ ಚೀಟಿಗೆ ಬೆಲೆ ಇರುವುದಿಲ್ಲ.

ಒಂಬತ್ತು, ಹತ್ತನೇ ತರಗತಿಯ ಹೆಣ್ಣುಮಕ್ಕಳ ಗೈರನ್ನು ಬೇರೆಯದೇ ಕಣ್ಣಿನಿಂದ ನೋಡಬೇಕು. ಎಂಟನೇ ತರಗತಿ ದಾಟಿದೊಡನೆ ಶಿಕ್ಷಣ ಹಕ್ಕು ಕಾಯ್ದೆಯ ಆಸರೆ ತಪ್ಪುತ್ತದೆ, ಉಳಿಯುವುದು ದಂಡಿಸುವ ಶೇ 75ರ ನಿಯಮವೊಂದೇ. ಚೆನ್ನಾಗಿ ಬರುತ್ತಿದ್ದ ಹುಡುಗಿ ಸಂಕ್ರಾಂತಿಯ ನಂತರ ಇದ್ದಕ್ಕಿದ್ದಂತೆ ನಿಂತು, ‘ಅತ್ತೆ ಊರಿಗೆ ಹೋಗಿದ್ದಾಳೆ’ ಎಂಬ ಉತ್ತರ ಬಂದರೆ ಏಳು ದಿನ ಕಾಯಬಾರದು. ಅದು ಬಾಲ್ಯವಿವಾಹದ ಸೂಚನೆಯಾಗಿರಬಹುದು. ಮಕ್ಕಳ ಸಹಾಯವಾಣಿ 1098ಕ್ಕೆ ಅಂದೇ ಕರೆ ಹೋಗಬೇಕು. ಇನ್ನು ಪ್ರತಿ ತಿಂಗಳೂ ಎರಡು ಮೂರು ದಿನ ತಪ್ಪಿಸುವ ಹುಡುಗಿಯರಿದ್ದರೆ ಮೊದಲು ಶಾಲೆಯ ಶೌಚಾಲಯದ ಬಾಗಿಲಿಗೆ ಚಿಲಕ ಇದೆಯೇ, ಒಳಗೆ ನೀರು ಬರುತ್ತದೆಯೇ ಎಂದು ನೋಡಿ.

ಗೈರಾದ ಮಗು ಮರಳಿ ಬಂದ ದಿನ ನಡೆಯುವುದು ಇನ್ನೂ ಬೇಸರ ತರಿಸುತ್ತದೆ. ‘ಅಪ್ಪನನ್ನು ಕರೆದುಕೊಂಡು ಬಾ’ ಎಂದು ಬಾಗಿಲ ಹೊರಗೆ ನಿಲ್ಲಿಸುತ್ತಾರೆ. ಅಪ್ಪ ಬರಬೇಕೆಂದರೆ ಒಂದು ದಿನದ ಕೂಲಿ ಬಿಡಬೇಕು. ಅವನು ಬರುವುದಿಲ್ಲ, ಮಗುವೂ ಬರುವುದಿಲ್ಲ. ಒಂದು ದಿನದ ಗೈರು ನಾಲ್ಕು ದಿನವಾಗುವುದು ಹೀಗೆ. ಮೊದಲು ಒಳಗೆ ಕೂರಿಸಿ, ವಿಚಾರಣೆ ಸಂಜೆ ಇರಲಿ. ತಪ್ಪಿದ ಪಾಠಗಳಲ್ಲಿ ಗಣಿತಕ್ಕೇ ಮೊದಲು ಗಮನ ಕೊಡಿ, ಏಕೆಂದರೆ ಭಿನ್ನರಾಶಿ ತಪ್ಪಿಸಿಕೊಂಡ ಮಗುವಿಗೆ ಮುಂದಿನ ಶೇಕಡಾವಾರು ಲೆಕ್ಕವೂ ತಿಳಿಯುವುದಿಲ್ಲ. ತಿಳಿಯದ ತರಗತಿಗೆ ಯಾವ ಮಗು ಇಷ್ಟಪಟ್ಟು ಬರುತ್ತದೆ?

ಅಧಿಕಾರಿಗಳಿಗೂ ಒಂದು ಮಾತು. ಹಾಜರಿ ಕಡಿಮೆ ತೋರಿಸಿದ ಶಾಲೆಗೆ ನೋಟಿಸು ಕೊಡುವ ರೂಢಿ ಇರುವವರೆಗೆ ಪುಸ್ತಕದಲ್ಲಿ ಸುಳ್ಳು ಹಾಜರಿ ಬೀಳುತ್ತಲೇ ಇರುತ್ತದೆ. ಶಿಕ್ಷಕರ ಹುದ್ದೆ ನಿಂತಿರುವುದು ಮಕ್ಕಳ ಸಂಖ್ಯೆಯ ಮೇಲೆ. ಬಿಸಿಯೂಟದ ಅಕ್ಕಿ ಬರುವುದು ತಲೆ ಲೆಕ್ಕದಲ್ಲಿ, ಕಿರಿಯ ಪ್ರಾಥಮಿಕಕ್ಕೆ 100 ಗ್ರಾಂ, ಹಿರಿಯ ಪ್ರಾಥಮಿಕಕ್ಕೆ 150 ಗ್ರಾಂ. ತಪ್ಪು ಮಾಡಲು ಒತ್ತಡ ಎಲ್ಲ ಕಡೆಯಿಂದಲೂ ಇದೆ. ಬೆಳಿಗ್ಗೆ ಹಾಕಿದ ಹಾಜರಿಯನ್ನೇ ಮಧ್ಯಾಹ್ನಕ್ಕೂ ಎಳೆಯುವುದರಿಂದ ಊಟ ಮುಗಿಸಿ ಹೊಲಕ್ಕೆ ಹೋದ ಮಗು ದಿನವಿಡೀ ಶಾಲೆಯಲ್ಲಿದ್ದಂತಾಗುತ್ತದೆ. ಸುಳ್ಳು ಹಾಜರಿ ಬಿದ್ದ ಮಗುವನ್ನು ಯಾರೂ ಹುಡುಕುವುದಿಲ್ಲ. ತಪಾಸಣೆಗೆ ಬಂದವರು ಕಡಿಮೆ ಅಂಕಿಗೆ ಗದರುವ ಬದಲು, ಕಾರಣ ಬರೆಯದ ಗೈರಿಗೆ ವಿವರಣೆ ಕೇಳಲಿ. ಮಧ್ಯಾಹ್ನದ ಊಟದ ನಂತರ ಒಮ್ಮೆ ತಲೆ ಎಣಿಸಿ ಪುಸ್ತಕದೊಡನೆ ತಾಳೆ ನೋಡಲಿ.

ಗುಳೆ ಹೋಗುವ ಕುಟುಂಬಗಳ ವಿಷಯದಲ್ಲಿ ತಡ ಮಾಡುವಂತಿಲ್ಲ. ಹೊರಡುವ ಮುನ್ನವೇ ಮಗುವಿನ ಸ್ಯಾಟ್ಸ್ ಸಂಖ್ಯೆ, ತರಗತಿ, ಶಾಲೆಯ ಫೋನ್ ನಂಬರು ಬರೆದ ಚೀಟಿಯನ್ನು ತಾಯಿಯ ಕೈಗೆ ಕೊಡಬೇಕು. ವರ್ಗಾವಣೆ ಪತ್ರ ಕೇಳಿದರೆ ಕೂಡಲೇ ಕೊಡಬೇಕು. ಅದು ತಡವಾಯಿತೆಂದು ಹೋದ ಊರಿನ ಸರ್ಕಾರಿ ಶಾಲೆ ಮಗುವನ್ನು ಸೇರಿಸಿಕೊಳ್ಳದೆ ಕಳಿಸುವಂತಿಲ್ಲ, ಕಾಯ್ದೆಯಲ್ಲಿ ಇದು ಸ್ಪಷ್ಟವಾಗಿದೆ. ಮಗುವನ್ನು ಊರಲ್ಲೇ ಬಿಟ್ಟುಹೋಗುವುದಾದರೆ, ಪೋಷಕರು ಗುಳೆ ಹೋದ ತಿಂಗಳುಗಳಲ್ಲಿ ಮಕ್ಕಳನ್ನು ಇರಿಸಿಕೊಳ್ಳುವ ಋತುಮಾನದ ವಸತಿ ವ್ಯವಸ್ಥೆ ಹತ್ತಿರದಲ್ಲಿ ಇದೆಯೇ ಎಂದು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯಲ್ಲಿ ವಿಚಾರಿಸಬೇಕು. ಇದೆಲ್ಲ ದಸರಾ ರಜೆಗೆ ಮೊದಲೇ ಆಗಬೇಕಾದ ಕೆಲಸ. ಸೆಪ್ಟೆಂಬರ್ ತಿಂಗಳ ಎಸ್‌ಡಿಎಂಸಿ ಸಭೆಯಲ್ಲಿ ಗುಳೆ ಹೊರಡುವ ಮನೆಗಳ ಪಟ್ಟಿ ಓದುವುದನ್ನು ಇಲಾಖೆ ಕಡ್ಡಾಯ ಮಾಡಲಿ ಎಂದು ನಿಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

– ಪ್ರೌಢಶಾಲಾ ಶಿಕ್ಷಕಿ, ಯಾದಗಿರಿ ಜಿಲ್ಲೆ