ಪೋಡುಗಳಿಗೆ ಹೋಗುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬುಡಕಟ್ಟಿನವರ ಪೋಡುಗಳಿಗೆ (ಹಾಡಿಗಳಿಗೆ) ಹೋಗುವ ಆಕ್ಯುಪೇಷನಲ್ ಥೆರಪಿ (ದಿನನಿತ್ಯದ ಕೆಲಸ ಮತ್ತೆ ಮಾಡಲು ನೆರವಾಗುವ ಚಿಕಿತ್ಸೆ) ತಂಡದವರು ಆಸ್ಪತ್ರೆಯ ಪೆಗ್ ಬೋರ್ಡು (ಕೈ ಅಭ್ಯಾಸಕ್ಕೆ ಗೂಟ ಸಿಕ್ಕಿಸುವ ಹಲಗೆ), ಚೆಂಡುಗಳನ್ನೆಲ್ಲ ಸುಮ್ನೆ ಹೊತ್ತು ತರಬೇಡಿ. ಪಾರ್ಶ್ವವಾಯು ಆದವರಿಗೆ ಸೌದೆ ಜೋಡಿಸುವುದು, ಮುದ್ದೆ ಕಟ್ಟುವುದು, ನೀರು ತುಂಬುವುದೇ ಕೈಗೆ ಅಭ್ಯಾಸ. ಕಲ್ಲು ದಾರಿಯಲ್ಲಿ ಸಾಮಾನ್ಯ ವೀಲ್‌ಚೇರ್ ಓಡುವುದಿಲ್ಲ. ಮನೆಯಿಂದ ಬಚ್ಚಲಿನವರೆಗೆ ಬಿದಿರಿನ ಹಿಡಿಕೆ ಕಟ್ಟಿದರೆ ಜಾಸ್ತಿ ಉಪಯೋಗ. ಕಟ್ಟುವುದರಲ್ಲಿ ಸೋಲಿಗರು ನಮಗಿಂತ ಗಟ್ಟಿಗರು, ಅಲ್ವಾ? ಎಲ್ಲಿ, ಎಷ್ಟು ಎತ್ತರಕ್ಕೆ ಎಂದು ಹೇಳಿದರೆ ಸಾಕು.

ಜೇನಿನ ಕಾಲದಲ್ಲಿ ಹಲವರು ಕಾಡಿಗೆ ಹೋಗಿರುತ್ತಾರೆ. ಅವರು ಮನೆಗೆ ಬರುವ ಹೊತ್ತನ್ನು ಮೊದಲೇ ಕೇಳಿಕೊಳ್ಳಿ. ಹುಲಿ ಸಂರಕ್ಷಿತ ಪ್ರದೇಶ, ಕತ್ತಲಾಗುವ ಮುಂಚೆ ವಾಪಸ್ ಹೊರಡಬೇಕು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ಅಂಗವೈಕಲ್ಯಗಳಲ್ಲಿ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಯೂ ಇದೆ. ಅಂಥವರಿಗೆ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಇದೆಯೇ ವಿಚಾರಿಸಿ. ರೋಗಿಗಳ ಹೆಸರು, ಫೋಟೋ ನಮ್ಮ ಮೆಸೇಜ್ ಗುಂಪಿಗೆ ಹಾಕಬೇಡಿ.