ಪ್ರೋಸೆಸ್ ಮ್ಯಾನೇಜರ್ ಅಪ್‌ಡೇಟ್: ಒಂದು ಬಗ್ ಹೋಯಿತು, ಇನ್ನೊಂದು ಬಂತು

ಗೆ,
ಮುಖ್ಯಸ್ಥರು, ಗ್ರಾಹಕ ಬೆಂಬಲ ವಿಭಾಗ

ವಿಷಯ: ನಿಮ್ಮ ರಿಯಲ್-ಟೈಮ್ ಆಪರೇಟಿಂಗ್ ಸಿಸ್ಟಮ್‌ನ ಇತ್ತೀಚಿನ ಅಪ್‌ಡೇಟ್ ಬಗ್ಗೆ ದೂರು

ಮಾನ್ಯರೇ,

ನಾವು ಪೀಣ್ಯದಲ್ಲಿ ಔಷಧ ಪ್ಯಾಕಿಂಗ್ ಯಂತ್ರಗಳಿಗೆ ಕಂಟ್ರೋಲರ್ ಮಾಡುವವರು. ನಿಮ್ಮ ಸಿಸ್ಟಮ್ ಮೇಲೆಯೇ ಅವು ಓಡುತ್ತವೆ. ಅದರಲ್ಲಿ ಪ್ರೋಸೆಸ್‌ಗಳನ್ನು, ಅಂದರೆ ಓಡುತ್ತಿರುವ ಪ್ರೋಗ್ರಾಂಗಳನ್ನು, ಹುಟ್ಟಿಸಿ ಮುಗಿಸುವ ಭಾಗವಾದ ಪ್ರೋಸೆಸ್ ಮ್ಯಾನೇಜರ್ ಬಗ್ಗೆ ಈ ದೂರು.

ಹಳೆಯ ಆವೃತ್ತಿಯಲ್ಲಿ ಮುಗಿದ ಚೈಲ್ಡ್ ಪ್ರೋಸೆಸ್‌ಗಳು ಕೆಲವೊಮ್ಮೆ ಜಾಂಬಿಗಳಾಗಿ, ಅಂದರೆ ಕೆಲಸ ಮುಗಿದರೂ ಪ್ರೋಸೆಸ್‌ಗಳ ಪಟ್ಟಿಯಲ್ಲಿ ಜಾಗ ಬಿಡದೆ, ಉಳಿಯುತ್ತಿದ್ದವು. ಅವನ್ನು ಹುಟ್ಟಿಸಿದ ಪೇರೆಂಟ್ ಪ್ರೋಸೆಸ್ ವೇಟ್‌ಪಿಐಡಿಯಲ್ಲಿ (ಚೈಲ್ಡ್ ಮುಗಿಯುವುದನ್ನು ಕಾಯುವ ಕರೆ) ಕಾಯುತ್ತಲೇ ಇರುತ್ತಿತ್ತು, ಅದಕ್ಕೆ ಸುದ್ದಿಯೇ ಮುಟ್ಟುತ್ತಿರಲಿಲ್ಲ. ಕೊನೆಗೆ ಪ್ರೋಸೆಸ್ ಟೇಬಲ್ ತುಂಬಿ ಹೊಸ ಪ್ರೋಸೆಸ್ ಹುಟ್ಟುವುದೇ ನಿಲ್ಲುತ್ತಿತ್ತು. ಈ ಬಗ್ ವರದಿ ಮಾಡಿದ್ದು ನಾವೇ. ಹೊಸ ಅಪ್‌ಡೇಟ್‌ನಲ್ಲಿ ಅದು ಸರಿಯಾಗಿದೆ, ಒಪ್ಪುತ್ತೇವೆ.

ಆದರೆ ಅದರ ಜೊತೆಗೆ ಬಂದದ್ದು ಇನ್ನೂ ಕೆಟ್ಟದ್ದು. ನಮ್ಮ ಅಲಾರಂ ಪ್ರೋಸೆಸ್‌ಗೆ ಪ್ರಯಾರಿಟಿ (ಯಾವುದು ಮೊದಲು ಓಡಬೇಕೆಂಬ ಆದ್ಯತೆ) ಜಾಸ್ತಿ, ಲಾಗ್ ಬರೆಯುವ ಸರ್ವರ್‌ಗೆ ಕಡಿಮೆ. ಅಲಾರಂ ಮೆಸೇಜ್ ಕಳಿಸಿದಾಗ ಸರ್ವರ್‌ನ ಪ್ರಯಾರಿಟಿ ತಾತ್ಕಾಲಿಕವಾಗಿ ಏರುತ್ತದೆ, ಉತ್ತರ ಕೊಟ್ಟ ಮೇಲೆ ಇಳಿಯುತ್ತದೆ. ಇದು ನಿಮ್ಮದೇ ವಿನ್ಯಾಸ. ಈಗ ಉತ್ತರ ಬರುವ ಮೊದಲೇ ಅಲಾರಂ ಪ್ರೋಸೆಸ್ ಕಿಲ್ ಆದರೆ ಸರ್ವರ್ ಏರಿದಲ್ಲೇ ಉಳಿಯುತ್ತದೆ. ಕಡತ ಬರೆಯುವ ಗುಮಾಸ್ತ ಮೋಟಾರ್ ಕಂಟ್ರೋಲ್‌ಗಿಂತ ಮೇಲೆ ಕೂತರೆ ಏನಾಗುತ್ತದೆ ಹೇಳಿ! 1 ಮಿಲಿಸೆಕೆಂಡಿಗೊಮ್ಮೆ ಓಡಬೇಕಾದ ಲೂಪ್ ತಡವಾಗುತ್ತದೆ, ಮೋಟಾರ್ ಓಡಿಸುವ ಸರ್ವೋ ಡ್ರೈವ್ ಫಾಲ್ಟ್ ಕೊಟ್ಟು ಯಂತ್ರ ನಿಲ್ಲುತ್ತದೆ. ಕರ್ನಲ್ ಟ್ರೇಸ್‌ನಲ್ಲಿ (ಸಿಸ್ಟಮ್‌ನ ತಿರುಳು ಯಾವಾಗ ಏನು ಮಾಡಿತೆಂಬ ದಾಖಲೆ) ಇದು ಸ್ಪಷ್ಟವಾಗಿ ಕಾಣುತ್ತದೆ.

ಇಷ್ಟಾದರೂ ನಮ್ಮ ಮುಖ್ಯ ದೂರು ಬಗ್ ಬಗ್ಗೆ ಅಲ್ಲ. ಬಗ್ ಯಾರ ಕೋಡ್‌ನಲ್ಲಿ ಇರಲ್ಲ? ನಿಮ್ಮ ರಿಲೀಸ್ ನೋಟ್‌ನಲ್ಲಿ ಇರುವುದು 'ಪ್ರೋಸೆಸ್ ಮ್ಯಾನೇಜರ್ ಸ್ಥಿರತೆ ಸುಧಾರಿಸಲಾಗಿದೆ' ಎಂಬ ಒಂದೇ ಸಾಲು. ಪ್ರೋಸೆಸ್ ಮುಗಿಯುವಾಗ ನಡೆಯುವ ಕೆಲಸಗಳ ಕ್ರಮ ಬದಲಾಗಿದೆ ಎಂದು ಒಂದು ಮಾತು ಬರೆದಿದ್ದರೆ ಸಾಕಿತ್ತು. ಅದೇ ಜಾಗವನ್ನು ಪರೀಕ್ಷಿಸಿ ನೋಡುತ್ತಿದ್ದೆವು. ಔಷಧ ಕಂಪನಿಗಳು ಸಾಫ್ಟ್‌ವೇರ್‌ನಲ್ಲಿ ಏನೇ ಬದಲಾದರೂ ಲಿಖಿತ ದಾಖಲೆ ಕೇಳುತ್ತವೆ, ಮತ್ತೆ ವ್ಯಾಲಿಡೇಷನ್ ಮಾಡಿಸುತ್ತವೆ. ಅವರ ಮುಂದೆ ಈ ಒಂದು ಸಾಲು ಇಟ್ಟರೆ ನಗುತ್ತಾರೆ ಅಷ್ಟೇ.

1997ರಲ್ಲಿ ಮಂಗಳನ ಮೇಲಿದ್ದ ಪಾತ್‌ಫೈಂಡರ್ ನೌಕೆ ಪ್ರಯಾರಿಟಿ ಇನ್ವರ್ಷನ್‌ನಿಂದ, ಅಂದರೆ ಕಡಿಮೆ ಪ್ರಯಾರಿಟಿಯ ಕೆಲಸ ಹೆಚ್ಚಿನದನ್ನು ತಡೆಹಿಡಿದು, ಮತ್ತೆ ಮತ್ತೆ ರೀಸೆಟ್ ಆಗುತ್ತಿತ್ತು. ಪ್ರಯಾರಿಟಿ ಇನ್ಹೆರಿಟೆನ್ಸ್ (ಮೇಲೆ ಹೇಳಿದಂಥ ತಾತ್ಕಾಲಿಕ ಏರಿಕೆ) ಆನ್ ಮಾಡಿ ಅದನ್ನು ನಾಸಾದವರು ಭೂಮಿಯಿಂದಲೇ ಸರಿಪಡಿಸಿದರು. ಏನು ಬದಲಾಯಿಸುತ್ತಿದ್ದೇವೆ ಎಂದು ಅವರಿಗೆ ಗೊತ್ತಿತ್ತು. ಪೀಣ್ಯದಲ್ಲೇ ಕೂತಿರುವ ನಮಗೆ ಗೊತ್ತಿಲ್ಲ!

ನಿಮ್ಮ ಬೆಂಬಲ ವಿಭಾಗದವರು 'ಮುಂದಿನ ಆವೃತ್ತಿಗೆ ಕಾಯಿರಿ' ಎನ್ನುತ್ತಾರೆ. ಹಿಂದಿನದಕ್ಕೆ ಹೋದರೆ ಜಾಂಬಿ, ಇದರಲ್ಲೇ ಇದ್ದರೆ ಫಾಲ್ಟ್. ನಿಮ್ಮಲ್ಲಿ ಪ್ರೋಸೆಸ್ ಮ್ಯಾನೇಜರ್ ಕರ್ನಲ್ ಜೊತೆಗೇ ಬೂಟ್ ಇಮೇಜ್‌ನಲ್ಲಿ (ಸಿಸ್ಟಮ್ ಶುರುವಾಗುವಾಗ ಲೋಡ್ ಆಗುವ ಕಡತ) ಬರುವುದರಿಂದ ಅದೊಂದನ್ನೇ ಬದಲಿಸುವ ದಾರಿಯೂ ಇಲ್ಲ.

ಆದ್ದರಿಂದ ಜಾಂಬಿ ಸರಿಪಡಿಸಿದ ಕೋಡ್ ಉಳಿಸಿಕೊಂಡು, ಪ್ರಯಾರಿಟಿ ಇಳಿಯುವಂತೆ ಮಾಡುವ ಪ್ಯಾಚ್ ಒಂದನ್ನೇ ಬೇಗ ಕೊಡಿ. ಈ ಅಪ್‌ಡೇಟ್‌ನಲ್ಲಿ ಸರಿಪಡಿಸಿದ ಪ್ರತಿಯೊಂದು ದೋಷಕ್ಕೂ ಅದು ಯಾವಾಗ ಕಾಣುತ್ತದೆ, ಯಾವ ಆವೃತ್ತಿಗಳಲ್ಲಿದೆ, ಸರಿಪಡಿಸಿದ್ದರಿಂದ ಸಮಯದ ಮೇಲೆ ಏನು ಪರಿಣಾಮ ಎಂದು ಬರೆದು ಕಳಿಸಿ. ಅಲ್ಲಿಯವರೆಗೆ ಬಳಸಲು ತಾತ್ಕಾಲಿಕ ಉಪಾಯವಿದ್ದರೆ ಅದನ್ನೂ ತಿಳಿಸಿ. ಸದ್ಯಕ್ಕೆ ನಾವು ಅಲಾರಂ ಕಿಲ್ ಆದಾಗಲೆಲ್ಲ ಲಾಗ್ ಸರ್ವರ್ ಅನ್ನೂ ರೀಸ್ಟಾರ್ಟ್ ಮಾಡುತ್ತಿದ್ದೇವೆ. ಇದರಿಂದ ಕೆಲವು ದಾಖಲೆಗಳು ಕಳೆದುಹೋಗುತ್ತಿವೆ.

ಟ್ರೇಸ್ ಫೈಲ್ ಮತ್ತು ಬಗ್ ತೋರಿಸುವ ಚಿಕ್ಕ ಪ್ರೋಗ್ರಾಂ ಲಗತ್ತಿಸಿದ್ದೇವೆ. ದಯವಿಟ್ಟು ಉತ್ತರವನ್ನು ಪ್ರೋಸೆಸ್ ಮ್ಯಾನೇಜರ್ ಕೋಡ್ ಬರೆಯುವವರಿಂದಲೇ ಕೊಡಿಸಿ.

ಇತಿ,
ಸಾಫ್ಟ್‌ವೇರ್ ವಿಭಾಗದ ಪರವಾಗಿ
ಪೀಣ್ಯ, ಬೆಂಗಳೂರು